ಗೆದ್ದ ಮೇಲೂ ಹಿಂತಿರುಗಿ ನೋಡಿದ ಡಾಕ್ಟರು

ಮಂಕಿಯ ನಮ್ಮ ಮನೇಲಿ ಬೆಳಗಾಗೋದು ಒಂದು ಸಣ್ಣ ಮಾತ್ರೆಯಿಂದ. ಆಯಿ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆ ಕಾದು, ಆಮೇಲೇ ಚಾ ಕುಡಿಯೋದು. ಥೈರಾಯ್ಡ್ ಮಾತ್ರೆ. ನಿಮ್ಮಲ್ಲೂ ಹಲವರ ಮನೆಯಲ್ಲಿ ಇದು ಇದ್ದೀತು. ಅದು ಶುರುವಾಗೋಕೆ ಮೊದಲು ಸುಮಾರು ಒಂದು ವರ್ಷ ಆಯಿ ಸದಾ ಸುಸ್ತು, ಚಳಿ ಅಂತಿದ್ದರು. ವಯಸ್ಸಾಯ್ತು ಅಂತ ನಾವೆಲ್ಲ ಅದನ್ನು ತಳ್ಳಿಹಾಕಿದ್ದೆವು. ಥಿಯೋಡೋರ್ ಕೋಕರ್ ಅವರ ಜೀವನ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಕೋಕರ್ ಹುಟ್ಟಿದ್ದು 1841ರ ಆಗಸ್ಟ್ 25ರಂದು, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಅಪ್ಪ ನಮ್ಮವರೇ, ಅಂದರೆ ಇಂಜಿನಿಯರ್! ಮಗ ಮಾತ್ರ ಮೆಡಿಕಲ್ ಓದಿದರು. 1872ರಲ್ಲಿ, ಸುಮಾರು 31ನೇ ವಯಸ್ಸಿಗೆ, ಬರ್ನ್ ವಿಶ್ವವಿದ್ಯಾಲಯದಲ್ಲಿ ಸರ್ಜರಿ ಪ್ರೊಫೆಸರ್ ಆದರು.

ಆಗ ಸ್ವಿಟ್ಜರ್ಲೆಂಡಿನ ಬೆಟ್ಟದ ಊರುಗಳಲ್ಲಿ ಗಳಗಂಡ ಮನೆಮಾತಾಗಿತ್ತು. ಅಲ್ಲಿನ ಮಣ್ಣು, ನೀರಿನಲ್ಲಿ ಅಯೋಡಿನ್ ತೀರಾ ಕಡಿಮೆ. ಅದು ಸಾಲದೆ ಹೋದಾಗ ಕತ್ತಿನ ಥೈರಾಯ್ಡ್ ಗ್ರಂಥಿ ದಪ್ಪಗಾಗುತ್ತದೆ, ಕೆಲವರಿಗೆ ಉಸಿರೇ ಕಟ್ಟುತ್ತದೆ. ಆದರೆ ಆಪರೇಷನ್ ಅಂದರೆ ಸರ್ಜನ್‌ಗಳೂ ಹೆದರುತ್ತಿದ್ದರು. ಗ್ರಂಥಿಯ ತುಂಬ ರಕ್ತನಾಳ. ರಕ್ತಸ್ರಾವ ಅಥವಾ ನಂಜಿನಿಂದ ರೋಗಿ ಸಾಯುತ್ತಿದ್ದ. ಕೋಕರ್ ಅವಸರ ಮಾಡದೆ, ಒಂದೊಂದೇ ನಾಳವನ್ನು ಹಿಡಿದು ಕಟ್ಟಿ, ಸ್ವಚ್ಛವಾಗಿ ಕೆಲಸ ಮಾಡಿದರು. ಅವರು ರೂಪಿಸಿದ ಇಕ್ಕಳ ಇವತ್ತಿಗೂ ಆಪರೇಷನ್ ಥಿಯೇಟರ್‌ಗಳಲ್ಲಿ ಅವರ ಹೆಸರಲ್ಲೇ ಇದೆ. ರೋಗಿಗಳು ಬದುಕಿ, ಗಾಯ ಮಾಗಿ, ಮನೆಗೆ ಹೋದರು. ಪ್ರಾಜೆಕ್ಟ್ ಸಕ್ಸಸ್ ಅಂತ ಫೈಲ್ ಮುಚ್ಚಬಹುದಿತ್ತು.

1874ರಲ್ಲಿ 11 ವರ್ಷದ ಒಬ್ಬ ಹುಡುಗಿಯ ಗ್ರಂಥಿಯನ್ನು ಅವರು ಪೂರ್ತಿ ತೆಗೆದಿದ್ದರು. ಹುಡುಗಿ ಮಂಕಾಗಿದ್ದಾಳೆ ಅಂತ ಅವಳನ್ನು ಕಳಿಸಿದ್ದ ಡಾಕ್ಟರು ತಿಳಿಸಿದರೂ ಕೋಕರ್ ಅದಕ್ಕೆ ಅಷ್ಟು ಮಹತ್ವ ಕೊಡಲಿಲ್ಲ. 1882ರಲ್ಲಿ ಜಿನೀವಾದ ಸರ್ಜನ್ ರೆವರ್ಡಿನ್, ತಮ್ಮ ರೋಗಿಗಳಲ್ಲೂ ಇಂಥದೇ ಬದಲಾವಣೆ ಕಂಡದ್ದನ್ನು ಹೇಳಿದರು. ಆಗ ಕೋಕರ್ ಹಳೇ ರೋಗಿಗಳನ್ನೆಲ್ಲ ವಾಪಸ್ ಕರೆಸಿದರು.

ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ 18 ಮಂದಿಯನ್ನು ಪರೀಕ್ಷಿಸಿದರೆ 16 ಮಂದಿಗೆ ಒಂದೇ ಥರದ ತೊಂದರೆ. ಮುಖ ಊದಿದೆ, ಚರ್ಮ ಒಣಗಿದೆ, ಮೈ ತಣ್ಣಗಿದೆ, ಮಾತೂ ಯೋಚನೆಯೂ ನಿಧಾನ. ಆ ಹುಡುಗಿ ಬೆಳೆದೇ ಇರಲಿಲ್ಲ. ತಂಗಿ ಅವಳಿಗಿಂತ ಎತ್ತರವಾಗಿದ್ದಳು. ಗ್ರಂಥಿಯ ಚೂರೂ ಉಳಿಯದಷ್ಟು ಚೊಕ್ಕವಾಗಿ ತೆಗೆದದ್ದೇ ಮುಳುವಾಗಿತ್ತು. ಕೈಚಳಕ ಹೆಚ್ಚಿದಷ್ಟೂ ಹಾನಿ ಹೆಚ್ಚಿತ್ತು.

ಕೋಕರ್ ಇದನ್ನು ಮುಚ್ಚಿಡಲಿಲ್ಲ. 1883ರಲ್ಲಿ ಬರ್ಲಿನ್‌ನಲ್ಲಿ ಸರ್ಜನ್‌ಗಳ ಸಭೆಯ ಮುಂದೆ ಇಟ್ಟರು. ಕ್ಯಾನ್ಸರ್‌ನಂಥ ಅನಿವಾರ್ಯ ಬಿಟ್ಟರೆ ಪೂರ್ತಿ ಗ್ರಂಥಿ ತೆಗೆಯೋದನ್ನೇ ನಿಲ್ಲಿಸಿದರು. ಕಾರಣ ಊಹಿಸುವಾಗ ಮೊದಲು ಅವರೂ ಎಡವಿದರು: ಶ್ವಾಸನಾಳಕ್ಕೆ ಪೆಟ್ಟಾಗಿ ಉಸಿರು ಸಾಲುತ್ತಿಲ್ಲ ಅಂದುಕೊಂಡಿದ್ದರು. ಆದರೆ ಅವರು ಕೊಟ್ಟ ಡೇಟಾ ಸರಿಯಿತ್ತು. ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದ ಗ್ರಂಥಿಯೇ ಇಡೀ ದೇಹದ ವೇಗವನ್ನು ಹಿಡಿದಿದೆ ಅನ್ನೋದು ಅದರಿಂದ ಬಯಲಾಯಿತು.

ಹೇಗೆ ಅಂದರೆ, ಗ್ರಂಥಿ ಮುಖ್ಯವಾಗಿ ಟಿ4 ಎಂಬ ಹಾರ್ಮೋನು ಬಿಡುತ್ತದೆ. ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣು. ಒಂದು ಕಳಚಿದರೆ ಅದೇ ಟಿ3. ಟಿ3 ಜೀವಕೋಶದ ನ್ಯೂಕ್ಲಿಯಸ್‌ಗೆ ಹೋಗಿ ಕೆಲವು ಜೀನ್‌ಗಳನ್ನು ಆನ್, ಕೆಲವನ್ನು ಆಫ್ ಮಾಡುತ್ತದೆ. ಮೈಟೋಕಾಂಡ್ರಿಯ ಹೆಚ್ಚುತ್ತವೆ, ಸೋಡಿಯಂ ಪಂಪುಗಳು ಜೋರಾಗುತ್ತವೆ, ಆಮ್ಲಜನಕದ ಖರ್ಚು ಮತ್ತು ಶಾಖ ಏರುತ್ತವೆ. ಇದೇ ಚಯಾಪಚಯದ ವೇಗ. ಹಾರ್ಮೋನು ಕಡಿಮೆಯಾದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಹೆಚ್ಚಿಸಿ ಥೈರಾಯ್ಡನ್ನು ಎಬ್ಬಿಸುತ್ತದೆ, ಜಾಸ್ತಿಯಾದರೆ ತಗ್ಗಿಸುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರಿನ ನೆಗೆಟಿವ್ ಫೀಡ್‌ಬ್ಯಾಕ್ ಅಂದರೆ ಇದೇ ಅಲ್ವಾ? ಕೋಕರ್ ಲೂಪ್‌ನಿಂದ ಪ್ಲಾಂಟನ್ನೇ ಕಿತ್ತಿದ್ದರು. ಟಿಎಸ್‌ಎಚ್ ಎಷ್ಟು ಕೂಗಿದರೂ ಓಗೊಡುವವರಿರಲಿಲ್ಲ.

ಮುಂದಿನದನ್ನು ಬೇರೆಯವರು ಕಟ್ಟಿದರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರ ಕೊಟ್ಟು ರೋಗಿಯನ್ನು ಚೇತರಿಸಿದರು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಆ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಕೋಕರ್‌ಗೆ 1909ರಲ್ಲಿ ನೊಬೆಲ್ ಬಂತು. ಸಾವಿರಾರು ಗಳಗಂಡದ ಆಪರೇಷನ್ ಮಾಡಿ, 1917ರ ಜುಲೈ 27ರಂದು ಬರ್ನ್‌ನಲ್ಲೇ ತೀರಿಕೊಂಡರು. 1922ರಲ್ಲಿ ಸ್ವಿಟ್ಜರ್ಲೆಂಡ್ ಉಪ್ಪಿಗೆ ಅಯೋಡಿನ್ ಬೆರೆಸೋಕೆ ಶುರುಮಾಡಿತು.

ಕಡಲ ಪಕ್ಕದ ಮಂಕಿಯವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ಕಡಲ ಮೀನಲ್ಲಿ ಅಯೋಡಿನ್ ಉಂಟು, ನಿಜ. ಆದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಆಗರದಲ್ಲಿ ಕಡಲ ನೀರು ಒಣಗಿಸಿ ತೆಗೆದ ಉಪ್ಪಿಗೂ ಅಯೋಡಿನ್ ಬೇರೆಯಾಗಿ ಸೇರಿಸಲೇಬೇಕು. ತಾನಾಗಿ ಉಳಿಯೋದು ಅತ್ಯಲ್ಪ. ಅಯೋಡಿನ್ ಸಾಕಷ್ಟಿದ್ದರೂ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದರೆ ಹಾರ್ಮೋನು ಕುಗ್ಗುತ್ತದೆ. ಆಯಿಗೆ ಆದದ್ದು ಅದೇ. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಸುಮಾರು ಒಂದು ವಾರ ಬೇಕು. ಹಾಗಾಗಿ ಡೋಸ್ ಬದಲಿಸಿದ ಮೇಲೆ ಆರೆಂಟು ವಾರ ಕಾದು ಟಿಎಸ್‌ಎಚ್ ನೋಡುತ್ತಾರೆ.

ಈ ಸಲ ಊರಿಗೆ ಹೋದಾಗ ಆಯಿಯನ್ನು ಹೊನ್ನಾವರಕ್ಕೆ ಕರಕೊಂಡು ಹೋಗಿ ಟೆಸ್ಟ್ ಮಾಡಿಸಿದ್ದು ನಾನೇ. ನಿಮ್ಮ ಮನೇಲೂ ಯಾರಾದರೂ ಸದಾ ಸುಸ್ತು ಅಂತಿದ್ದರೆ, ವಯಸ್ಸಿನ ಮೇಲೆ ಹಾಕೋಕೆ ಮೊದಲು ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ.