ಲೆಕ್ಕ ಒಪ್ಪಿಸಿದ ದಿವಾನರು

ಆಳುವವರು ತಮ್ಮ ಆಡಳಿತದ ಲೆಕ್ಕವನ್ನು ಪ್ರಜೆಗಳಿಗೆ ಒಪ್ಪಿಸಬೇಕೆಂಬುದು ಇಂದು ಎಲ್ಲರೂ ಒಪ್ಪಿದ ಮಾತು. ಮೈಸೂರು ಸೀಮೆಯಲ್ಲಿ ಆ ಪದ್ಧತಿಗೆ ಮೊದಲಿಟ್ಟವರು ಯಾರೆಂದು ತರಗತಿಯಲ್ಲಿ ಕೇಳಿದರೆ ಮಾತ್ರ ವಿದ್ಯಾರ್ಥಿಗಳು ಮೌನ ತಾಳುತ್ತಾರೆ. ಅವರು ದಿವಾನ್ ಸಿ. ವಿ. ರಂಗಾಚಾರ್ಲು.

ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1831ರಲ್ಲಿ ಜನಿಸಿದ ರಂಗಾಚಾರ್ಲು ಮದ್ರಾಸು ಸರಕಾರದ ಸೇವೆಯಲ್ಲಿ ಪಳಗಿ, 1868ರಲ್ಲಿ ಮೈಸೂರಿಗೆ ಬಂದು ಅರಮನೆಯ ವ್ಯವಹಾರಗಳ ಮೇಲ್ವಿಚಾರಣೆಯಲ್ಲಿ ತೊಡಗಿದರು. ಸರಕಾರದ ಸೇವೆಯಲ್ಲಿದ್ದುಕೊಂಡೇ, ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸುವ ಹೊತ್ತಗೆಯೊಂದನ್ನು 1874ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಧೈರ್ಯ ಅವರದು.

1876-78ರ ಧಾತು ಕ್ಷಾಮ ಸಂಸ್ಥಾನದ ಐದರಲ್ಲೊಂದು ಪಾಲು ಜನರನ್ನು ನುಂಗಿತು. ನಮ್ಮ ಲಕ್ಕೂರು ಸೇರಿದ ಕೋಲಾರದ ಸೀಮೆಗೆ ಬಿದ್ದ ಪೆಟ್ಟು ಘೋರವಾದುದು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ದಿವಾನರಾದ ರಂಗಾಚಾರ್ಲು ಅವರ ಪಾಲಿಗೆ ಬಂದುದು ಬರಿದಾದ ಬೊಕ್ಕಸ, ಕ್ಷಾಮದ ಸಾಲ.

ಇಂಥ ಹೊತ್ತಿನಲ್ಲಿ ಲೆಕ್ಕವನ್ನು ಮುಚ್ಚಿಡುವುದೇ ಅಧಿಕಾರದ ಸಹಜ ಬುದ್ಧಿ. ಅವರು ಮಾಡಿದುದು ಅದಕ್ಕೆ ವಿರುದ್ಧ. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ನಾಡಿನ ರೈತರ ಮತ್ತು ವರ್ತಕರ 144 ಮಂದಿ ಪ್ರತಿನಿಧಿಗಳನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಸಿದರು. ಸರಕಾರ ಏನು ಮಾಡಿದೆ, ಮುಂದೇನು ಮಾಡಲಿದೆ ಎಂಬುದನ್ನು ಪ್ರತಿನಿಧಿಗಳಿಗೆ ತಿಳಿಸಿ, ಅವರ ಅಹವಾಲುಗಳನ್ನು ಅಲ್ಲಿಯೇ ಕೇಳುವುದು ಸಭೆಯ ಉದ್ದೇಶವಾಗಿತ್ತು.

ಆ ಸಭೆಯ ಕೊರತೆಗಳನ್ನು ಮರೆಮಾಚಬೇಕಾಗಿಲ್ಲ. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬಂದವರು ಭೂಮಿ ಕಾಣಿ ಉಳ್ಳವರು. ಕೂಲಿಯವನಿಗಾಗಲಿ ಹೆಂಗಸರಿಗಾಗಲಿ ಅಲ್ಲಿ ಎಡೆಯಿರಲಿಲ್ಲ. ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿ 20ರಂದು, ದಿವಾನರು ತೀರಿಕೊಂಡರು. ಅವರು ನೆಟ್ಟ ಸಭೆ ಮಾತ್ರ 1949ರವರೆಗೆ ಬಾಳಿತು.

ಅವರ ಹಿರಿಮೆ ಲೆಕ್ಕ ಹೇಳಿದುದರಲ್ಲಿ ಅಷ್ಟೇ ಅಲ್ಲ, ಹೇಳಿದವನೂ ಕೇಳುವವನೂ ಒಂದೇ ಚಾವಡಿಯಲ್ಲಿ ಎದುರುಬದುರಾಗುವಂತೆ ಮಾಡಿದುದರಲ್ಲಿದೆ ಎಂದು ನಾನು ಭಾವಿಸುತ್ತೇನೆ. ಮಾಹಿತಿಯ ಹಕ್ಕಿಗಾಗಿ ಕರ್ನಾಟಕ 2000ದಲ್ಲಿ, ಭಾರತ 2005ರಲ್ಲಿ ಕಾಯಿದೆ ಮಾಡಿದುವು. ಆದರೂ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿದು ಬಂದಾಗ, ಅದು ಎಷ್ಟು ಶುದ್ಧವೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. ಜೀವನದಿಯಿಲ್ಲದ ನಾಡಿಗೆ ನೀರು ಬಂದುದು ಭಾಗ್ಯವೇ ಸರಿ. ಆದರೆ ಆ ನೀರನ್ನು ಹೊಲಕ್ಕೆ ಹಾಯಿಸುವ ರೈತನಿಗೆ ಅದರ ಗುಣದ ವರದಿ ಅವನ ಭಾಷೆಯಲ್ಲಿ, ಅವನ ಗ್ರಾಮಸಭೆಯಲ್ಲಿ ದೊರೆಯಬೇಕು. ಅವನ ಪ್ರಶ್ನೆಗೆ ಅಧಿಕಾರಿ ಅಲ್ಲಿಯೇ ನಿಂತು ಉತ್ತರ ಕೊಡಬೇಕು. ಕಾಯಿದೆ ಕೈಯಲ್ಲಿರುವ ನಮಗೆ, ಕಾಯಿದೆಯ ಒತ್ತಾಯವೇ ಇಲ್ಲದೆ ಲೆಕ್ಕ ಒಪ್ಪಿಸಿದ ಆ ದಿವಾನರ ಬಾಳು ಇನ್ನೂ ಪಾಠ ಹೇಳಬಲ್ಲದು.