ಪಾಲ್ ವಾಲ್ಡೆನ್ (1863–1957): ದ್ರವ ಲವಣಗಳ ಅಧ್ಯಯನಕ್ಕೆ ನಾಂದಿ ಹಾಡಿದ ವಿಜ್ಞಾನಿ

ರಾಸಾಯನಿಕ ಉದ್ದಿಮೆ ಸ್ಥಾಪಿಸಲು ಅನುಮತಿ ಕೋರಿ ಅರ್ಜಿ ಸಲ್ಲಿಸುವವರು ಆವಿಯಾಗುವ ದ್ರಾವಕಗಳಿಗೆ ಪರ್ಯಾಯವಾಗಿ ಅಯಾನಿಕ ದ್ರವಗಳ ಹೆಸರನ್ನು ಕೇಳಿರಬಹುದು. ಈ ದ್ರವಗಳ ಅಧ್ಯಯನಕ್ಕೆ ಕಾರಣರಾದ ಪಾಲ್ ವಾಲ್ಡೆನ್ ಅವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ವಾಲ್ಡೆನ್ ಅವರು 1863ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಇಂದಿನ ಲಾಟ್ವಿಯಾದ ರೈತ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತಾಯಿಯರನ್ನು ಕಳೆದುಕೊಂಡರೂ ವಿದ್ಯಾಭ್ಯಾಸವನ್ನು ಬಿಡಲಿಲ್ಲ. 1882ರಲ್ಲಿ ರಿಗಾ ಪಾಲಿಟೆಕ್ನಿಕ್ ಸೇರಿದ ಅವರಿಗೆ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರು ಗುರುಗಳಾಗಿ ದೊರೆತರು. ಮುಂದೆ ಅಮೋನಿಯಾವನ್ನು ಪ್ಲಾಟಿನಂ ವೇಗವರ್ಧಕದ ಮೇಲೆ ಉತ್ಕರ್ಷಿಸಿ ನೈಟ್ರಿಕ್ ಆಮ್ಲ ತಯಾರಿಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದವರು ಇವರೇ. ವಾಲ್ಡೆನ್ ಅವರು 1894ರಲ್ಲಿ ರಿಗಾದಲ್ಲಿಯೇ ಪ್ರಾಧ್ಯಾಪಕರಾದರು. ಅಣುವಿನ ವಿನ್ಯಾಸವು ಕ್ರಿಯೆಯ ವೇಳೆ ಕನ್ನಡಿಯ ಬಿಂಬದಂತೆ ತಿರುಗುವುದನ್ನು 1896ರಲ್ಲಿ ತೋರಿಸಿದರು. ಇಂದಿಗೂ ವಿದ್ಯಾರ್ಥಿಗಳು ಅವರನ್ನು ಬಲ್ಲುದು ಇದರಿಂದಲೇ.

1914ರ ಸಂಶೋಧನೆಯ ಉದ್ದೇಶವು ದ್ರಾವಕವಾಗಿರಲಿಲ್ಲ. ಕರಗಿದ ಲವಣಗಳ ವಿದ್ಯುತ್ ವಾಹಕತೆಯನ್ನು ಅಳೆಯುವುದು ಅವರ ಅಪೇಕ್ಷೆಯಾಗಿತ್ತು. ಅಡುಗೆ ಉಪ್ಪು ಕರಗಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖದಲ್ಲಿ ನಿಖರ ಅಳತೆ ಕಷ್ಟ. ಆದುದರಿಂದ ಕಡಿಮೆ ಶಾಖದಲ್ಲಿ ಕರಗುವ ಲವಣಗಳನ್ನು ಅವರು ಅರಸಿದರು. ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣವು 12 ಡಿಗ್ರಿಯಲ್ಲಿಯೇ ದ್ರವವಾಗುವುದು ಹೀಗೆ ದಾಖಲಾಯಿತು. ಇದಕ್ಕೂ ಮುನ್ನ, 1911ರಲ್ಲಿ, ನಮ್ಮ ದೇಶದ ಪ್ರಫುಲ್ಲಚಂದ್ರ ರಾಯ್ ಅವರು ಇದನ್ನೇ ಹೋಲುವ ನೈಟ್ರೈಟ್ ಲವಣಗಳನ್ನು ತಯಾರಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ರಷ್ಯಾದ ಕ್ರಾಂತಿಯ ತರುವಾಯ, 1919ರಲ್ಲಿ, ವಾಲ್ಡೆನ್ ಅವರು ಜರ್ಮನಿಯ ರೋಸ್ಟಾಕ್ ನಗರಕ್ಕೆ ತೆರಳಿ 1934ರವರೆಗೆ ಅಧ್ಯಾಪನ ನಡೆಸಿದರು. 1942ರ ಬಾಂಬ್ ದಾಳಿಯಲ್ಲಿ ಅವರ ಮನೆ ಹಾಗೂ ಜೀವಮಾನವಿಡೀ ಸಂಗ್ರಹಿಸಿದ್ದ ಗ್ರಂಥ ಭಂಡಾರ ಸುಟ್ಟು ಹೋದವು. ಆಗ ಅವರಿಗೆ ವಯಸ್ಸು ಎಪ್ಪತ್ತೆಂಟು. ಆದರೂ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಇತಿಹಾಸವನ್ನು ಬೋಧಿಸಿದರು. 1957ರಲ್ಲಿ ನಿಧನರಾದಾಗ ಅವರ 1914ರ ಲೇಖನದತ್ತ ಗಮನ ಹರಿಸಿದವರು ವಿರಳ.

ಗಾಳಿ ಹಾಗೂ ತೇವಾಂಶವನ್ನು ತಾಳುವ ಇಮಿಡಜೋಲಿಯಂ ಲವಣಗಳು 1992ರಲ್ಲಿ ಪ್ರಕಟವಾದ ಮೇಲೆ ಪರಿಸ್ಥಿತಿ ಬದಲಾಯಿತು. 2000ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಇಂತಹ ದ್ರವದಲ್ಲಿ ಮ್ಯಾಂಗನೀಸ್ ವೇಗವರ್ಧಕವನ್ನು ಕರಗಿಸಿ ಉತ್ಕರ್ಷಣ ಕ್ರಿಯೆ ನಡೆಸಿದರು. ಉತ್ಪನ್ನವನ್ನು ಬೇರ್ಪಡಿಸಿದ ನಂತರ ದ್ರವವೂ ಅದರಲ್ಲಿದ್ದ ವೇಗವರ್ಧಕವೂ ಮರುಬಳಕೆಗೆ ಒದಗಿದವು. ಆದರೆ ಬಾರಿಯಿಂದ ಬಾರಿಗೆ ಫಲ ಕುಗ್ಗಿತು. ಜೊತೆಗೆ ಡೈಕ್ಲೋರೋಮೀಥೇನನ್ನೂ ಬಳಸಬೇಕಾಯಿತು.

ಅಯಾನಿಕ ದ್ರವಗಳು ಸುಲಭವಾಗಿ ಆವಿಯಾಗುವುದಿಲ್ಲವೆಂದ ಮಾತ್ರಕ್ಕೆ ಅವು ನಿರಪಾಯಕಾರಿ ಎಂದು ಅರ್ಜಿದಾರರು ಭಾವಿಸತಕ್ಕದ್ದಲ್ಲ. ಇವುಗಳಲ್ಲಿ ಕೆಲವು ಜಲಚರಗಳಿಗೆ ವಿಷಕಾರಿಯಾಗಿದ್ದು, ಹೆಕ್ಸಾಫ್ಲೂರೋಫಾಸ್ಫೇಟ್ ಉಳ್ಳವು ನೀರಿನ ಸಂಪರ್ಕದಿಂದ ವಿಘಟನೆ ಹೊಂದಿ ಹೈಡ್ರೋಫ್ಲೂರಿಕ್ ಆಮ್ಲವನ್ನು ಉಂಟುಮಾಡಬಲ್ಲವು.