ಮೇಡಂ ಕ್ಯೂರಿಯವರ ಜೀವಿತ

ನಮ್ಮ ಹೆಣ್ಣುಮಕ್ಕಳು ಇಂದು ವೈದ್ಯರಾಗಿ ಕ್ಷ-ಕಿರಣ ಶಾಸ್ತ್ರವನ್ನು ಅಭ್ಯಸಿಸಲು ಹೋಗುತ್ತಿರುವಾಗ, ಆ ಹಾದಿಯನ್ನು ಸುಗಮಗೊಳಿಸಿದ ಮಹಿಳೆಯೊಬ್ಬರ ಜೀವಿತವನ್ನು ಸ್ಮರಿಸುವದು ಉಚಿತವೆಂದು ನಾವು ಭಾವಿಸುತ್ತೇವೆ.

ಮೇರಿ ಕ್ಯೂರಿಯವರು 1867ನೆಯ ಇಸವಿ ನವೆಂಬರ್ 7ರಂದು ಪೋಲೆಂಡ್ ದೇಶದ ವಾರ್ಸಾ ಪಟ್ಟಣದಲ್ಲಿ ಉಪಾಧ್ಯಾಯ ದಂಪತಿಗಳ ಮಗಳಾಗಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯವು ಆಗ ಸ್ತ್ರೀಯರಿಗೆ ಮುಚ್ಚಿದ್ದಿತು. ಅಕ್ಕನು ಪ್ಯಾರಿಸಿನಲ್ಲಿ ವೈದ್ಯವಿದ್ಯೆ ಕಲಿಯಲೆಂದು ಇವರು ಪರರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸಿದರು. 1891ರಲ್ಲಿ ತಾವೂ ಅಲ್ಲಿಗೆ ಹೋಗಿ, 1893ರ ಭೌತಶಾಸ್ತ್ರ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿದರು. ಪತಿ ಪಿಯರ್ ಅವರೊಡನೆ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಕಂಡುಹಿಡಿದರು. 1903ರಲ್ಲಿಯೂ 1911ರಲ್ಲಿಯೂ ಇವರಿಗೆ ನೊಬೆಲ್ ಪಾರಿತೋಷಕಗಳು ದೊರೆತವು. 1906ರಲ್ಲಿ ಪತಿಯು ರಸ್ತೆಯ ಅಪಘಾತದಲ್ಲಿ ತೀರಿಹೋದರೂ ಇವರು ಕೆಲಸವನ್ನು ಬಿಡಲಿಲ್ಲ.

1914ರಲ್ಲಿ ಮಹಾಯುದ್ಧವು ಪ್ರಾರಂಭವಾಯಿತು. ಗುಂಡು ದೇಹದಲ್ಲಿ ಎಲ್ಲಿ ಹೊಕ್ಕಿದೆಯೆಂದು ತಿಳಿಯದೆ ಶಸ್ತ್ರವೈದ್ಯರು ಕಷ್ಟಪಡುತ್ತಿದ್ದರು. ಆಗ ಮೇಡಂ ಕ್ಯೂರಿಯವರು ಮೋಟಾರು ಬಂಡಿಗಳಲ್ಲಿ ಕ್ಷ-ಕಿರಣ ಯಂತ್ರವನ್ನೂ ಡೈನಮೋವನ್ನೂ ಇರಿಸಿ ರಣರಂಗದ ಸಮೀಪಕ್ಕೆ ಒಯ್ದರು. ಅದಕ್ಕಾಗಿ ಶರೀರರಚನೆಯನ್ನು ಓದಿ, ಬಂಡಿ ನಡೆಸುವದನ್ನೂ ಕಲಿತರು. ಇಂಥ ಸುಮಾರು 20 ಬಂಡಿಗಳೂ 200 ಕ್ಷ-ಕಿರಣ ಕೊಠಡಿಗಳೂ ಇವರ ಪ್ರಯತ್ನದಿಂದ ಏರ್ಪಟ್ಟವು. 1916ರಿಂದ ಸುಮಾರು 150 ಮಂದಿ ಸ್ತ್ರೀಯರಿಗೆ ಈ ವಿದ್ಯೆಯಲ್ಲಿ ತರಬೇತು ದೊರೆಯಿತು. ಹದಿಹರೆಯದ ಮಗಳು ಐರೀನ್ ಸಹಾಯಕಿಯಾಗಿದ್ದಳು.

ಶಾಂತಿಯ ದಿನಗಳಲ್ಲಿ ಪ್ಯಾರಿಸಿನ ರೇಡಿಯಂ ಸಂಸ್ಥೆಯು ಸಂಶೋಧಕರಿಗೆ ತವರಾಯಿತು. ಒಂದು ಕಡೆ ಮೇಡಂ ಕ್ಯೂರಿಯವರ ಭೌತಶಾಸ್ತ್ರದ ಪ್ರಯೋಗಶಾಲೆ. ಮತ್ತೊಂದು ಕಡೆ ಡಾಕ್ಟರ್ ರೆಗೋ ಅವರ ವೈದ್ಯಕೀಯ ಪ್ರಯೋಗಶಾಲೆ. ಅಲ್ಲಿ ವೈದ್ಯರು ಕಿರಣಗಳಿಂದ ಅರ್ಬುದ ರೋಗವನ್ನು ಗುಣಪಡಿಸುವ ಬಗೆಯನ್ನು ಪರಿಶೋಧಿಸಿದರು. ರೇಡಿಯಂ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆಯದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿದ್ದ ಇವರಿಗೆ, 1921ರಲ್ಲಿ ಅಮೆರಿಕದ ಸ್ತ್ರೀಯರು ಚಂದಾ ಕೂಡಿಸಿ ಒಂದು ಗ್ರಾಂ ರೇಡಿಯಂ ಒಪ್ಪಿಸಿದರು.

ಕಿರಣಗಳ ಅಪಾಯವು ಆ ಕಾಲದಲ್ಲಿ ಚೆನ್ನಾಗಿ ತಿಳಿದಿರಲಿಲ್ಲ. ರಕ್ತೋತ್ಪತ್ತಿಯು ಕುಂದುವ ರೋಗದಿಂದ ಇವರು 1934ನೆಯ ಇಸವಿ ಜುಲೈ 4ರಂದು ನಿಧನರಾದರು. ಇಂದಿನ ವೈದ್ಯರು ಸೀಸದ ಮೇಲಂಗಿ ತೊಟ್ಟು, ಕಿರಣದ ಪ್ರಮಾಣವನ್ನು ಅಳೆಯುತ್ತಾ ಕೆಲಸ ಮಾಡುತ್ತಾರೆ.

ಮಗಳಿಗೆ ವೈದ್ಯಪದವಿ ಬಂದರೆ ಸಾಕು, ಸಂಶೋಧನೆಯೇಕೆ ಎನ್ನುವ ತಾಯಿತಂದೆಗಳಿಗೆ ನಮ್ಮದೊಂದು ವಿಜ್ಞಾಪನೆ: ಕೊಡಲ್ಪಟ್ಟ ತಲಾಂತನ್ನು ಹೂಣಿಡಿಸಬೇಡಿರಿ. ಆಕೆಯು ಇನ್ನೆರಡು ವರುಷ ಕಲಿತರೆ ಎಷ್ಟೋ ರೋಗಿಗಳು ಬದುಕಿಯಾರು.